ಲೇಔಟ್ ಪಾರ್ಕಿಗೆ ಟೈಲ್ಸ್ ಹಾಕ್ತಾರಂತೆ, ಮೀಟಿಂಗಲ್ಲಿ ಏನ್ ಹೇಳ್ಲಿ?

ಜಾರುಬಂಡಿ: ಎಲ್ರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದ ಹೊಸ ಲೇಔಟು ನಮ್ದು, ಪಾರ್ಕಿಗೆ ಅಂತ ಬಿಟ್ಟಿರೋದು ಅರ್ಧ ಎಕರೆ. ಅದ್ರಲ್ಲಿ ಅರ್ಧಕ್ಕೆ ಇಂಟರ್‌ಲಾಕ್ ಟೈಲ್ಸು, ಮಿಕ್ಕಿದ್ದು ಲಾನು, ಸುತ್ತ ಟಬೂಬಿಯಾ ಹೂಮರ ಅಂತಿದಾರೆ. ಪಕ್ಕದ ಲೇಔಟಲ್ಲಿ ಹಿಂಗೇ ಮಾಡಿದಾರೆ, ಏಪ್ರಿಲಲ್ಲಿ ಮಗಳು ಚಪ್ಪಲಿ ಬಿಟ್ಟು ಜಾರುಬಂಡಿ ಕಡೆ ಓಡಿದ್ಲು, ಟೈಲ್ಸ್ ಮೇಲೆ ನಾಲ್ಕು ಹೆಜ್ಜೆ ಇಡೋಷ್ಟ್ರಲ್ಲಿ ಅಂಗಾಲು ಕೆಂಪಾಗಿ ಅತ್ಕೊಂಡು ವಾಪಸ್ ಬಂದ್ಲು. ಭಾನುವಾರ ಮೀಟಿಂಗ್ ಇದೆ, ಏನ್ ಹೇಳ್ಬೇಕು ದಯವಿಟ್ಟು ತಿಳಿಸಿ.

ಹೊಂಗೆನೆರಳು: ಟಬೂಬಿಯಾ ಚೆಂದಾನೇ, ಆದ್ರೆ ಫೆಬ್ರವರಿ ಮಾರ್ಚಲ್ಲಿ ಎಲೆ ಉದುರಿಸಿ ಹೂ ಬಿಡುತ್ತೆ, ಬಿಸಿಲು ಏರೋ ಹೊತ್ತಿಗೆ ನೆರಳಿರಲ್ಲ. ಹೊಂಗೆ ನೋಡಿ, ಯುಗಾದಿ ಆಸುಪಾಸಲ್ಲಿ ಚಿಗುರಿ ಸೆಕೆಗಾಲಕ್ಕೆ ಸರಿಯಾಗಿ ತಂಪು ಕೊಡುತ್ತೆ. ಜೊತೆಗೆ ಬೇವು, ನೇರಳೆ, ಹೊಳೆಮತ್ತಿ ಹಾಕಿ. ನೇರಳೆನ ಮಾತ್ರ ನಡೆಯೋ ದಾರಿ ಪಕ್ಕ ಬೇಡ, ಹಣ್ಣು ಬಿದ್ದು ವಯಸ್ಸಾದೋರು ಜಾರ್ತಾರೆ. 2016ರ ಏಪ್ರಿಲಲ್ಲಿ ಬೆಂಗಳೂರಲ್ಲಿ 39.2 ಡಿಗ್ರಿ ಆಗಿತ್ತು, ಲಾನು ನೋಡೋಕೆ ಹಸಿರು ಅಷ್ಟೇ, ಅಂಥಾ ಬಿಸಿಲಲ್ಲಿ ಅದ್ರ ಮೇಲೆ ನಿಲ್ಲಕ್ಕಾಗಲ್ಲ, ಮೇಲಿಂದ ದಿನಾ ನೀರು ಬೇರೆ ಹಾಕ್ಬೇಕು.

ಕೆರೆದಂಡೆ: ಗಿಡದಷ್ಟೇ ಮಣ್ಣೂ ಮುಖ್ಯ ಸರ್. ಅರ್ಧ ಎಕರೆ ಅಂದ್ರೆ ಸುಮಾರು 2000 ಚದರ ಮೀಟರು, 20 ಮಿಲಿಮೀಟರ್ ಮಳೆ ಬಿದ್ರೆ ಅಷ್ಟು ಜಾಗದ ಮೇಲೇ 40,000 ಲೀಟರ್, ಅಂದ್ರೆ 6000 ಲೀಟರಿನ ಟ್ಯಾಂಕರು ಆರಕ್ಕೂ ಜಾಸ್ತಿ! 2024ರ ಬೇಸಿಗೆಲಿ ಒಂದೊಂದು ಟ್ಯಾಂಕರಿಗೂ ಹೆಂಗೆ ಕಾದ್ವಿ ಅಂತ ಮೀಟಿಂಗಲ್ಲಿ ನೆನಪಿಸಿ. ಪಾರ್ಕಿನ ನೆಲ ರೋಡಿಗಿಂತ ಅರ್ಧ ಅಡಿ ತಗ್ಗಿರ್ಲಿ, ಸುತ್ತ ಕಟ್ಟೋ ಗೋಡೆಲಿ ಅಲ್ಲಲ್ಲಿ ಕಿಂಡಿ ಬಿಡಿಸಿ, ರೋಡಿನ ನೀರೂ ಒಳಗೆ ಬರುತ್ತೆ, ತಗ್ಗಲ್ಲಿ ಎರಡು ಇಂಗುಗುಂಡಿ ಸಾಕು. ವಾಕಿಂಗಿಗೆ ಜಲ್ಲಿ ಮಣ್ಣಿನ ದಾರಿ ಮಾಡಿ. ಬುಡಕ್ಕೆ ಕಾಂಕ್ರೀಟ್ ಮಾತ್ರ ಬೇಡ್ವೇ ಬೇಡ, ನಮ್ ಬೀದೀಲಿ ಕತ್ತಿನ ತನಕ ಸಿಮೆಂಟ್ ಮೆತ್ತಿಸ್ಕೊಂಡಿದ್ದ ಮರ ಮೊದಲನೇ ಗಾಳಿ ಮಳೆಗೇ ಬಿತ್ತು, ಬೇರು ನೋಡಿದ್ರೆ ಮೊಳದುದ್ದಾನೂ ಹರಡಿರ್ಲಿಲ್ಲ, ಹೊಟ್ಟೆ ಉರೀತು.

ಜಾರುಬಂಡಿ: ತುಂಬಾ ಥ್ಯಾಂಕ್ಸ್. ನೀರು ನಿಂತ್ರೆ ಸೊಳ್ಳೆ ಅಂತ ಕೇಳೇ ಕೇಳ್ತಾರೆ, ಅದಕ್ಕೇನ್ ಹೇಳೋದು?

ಕೆರೆದಂಡೆ: ಮೊಟ್ಟೆ ಸೊಳ್ಳೆ ಆಗೋಕೆ ಹೆಚ್ಚುಕಮ್ಮಿ ಒಂದು ವಾರ ಬೇಕು, ಸರಿಯಾಗಿ ಜಲ್ಲಿ ತುಂಬಿದ ಗುಂಡೀಲಿ ನೀರು ಒಂದೆರಡು ದಿನದಲ್ಲೇ ಇಂಗುತ್ತೆ. ವರ್ಷಕ್ಕೊಂದ್ಸಲ ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸ್ಬೇಕು, ಅದನ್ನ ಮರೆತ್ರೆ ಅವರು ಹೇಳಿದ್ದೇ ಆಗುತ್ತೆ.

ಹೊಂಗೆನೆರಳು: ಸಸಿಗೆ ಅರಣ್ಯ ಇಲಾಖೆ ನರ್ಸರೀಲಿ ವಿಚಾರಿಸಿ, ಕಡಿಮೆ ರೇಟಿಗೆ ಸಿಗುತ್ತೆ. ಮೊದಲೆರಡು ಬೇಸಿಗೆ ಯಾರು ನೀರು ಹಾಕ್ತಾರೆ ಅನ್ನೋದನ್ನ ಮೀಟಿಂಗಲ್ಲೇ ಹೆಸರು ಸಮೇತ ಬರ್ಸಿಬಿಡಿ.