ವೈರಲ್ ಜ್ವರದ ಜೊತೆ ಕಿವಿ, ಮೂಗು, ಗಂಟಲಿನ ತೊಂದರೆ: ಯಾರನ್ನು ಮನೆಗೆ ಕಳಿಸೋದು, ಯಾರನ್ನು ಆಸ್ಪತ್ರೆಗೆ?

ಉಪಕೇಂದ್ರ_ಸಿಎಚ್‌ಒ

ಮಳೆ ಹಿಡಿದ ಮೇಲೆ ಬರೋರದ್ದೆಲ್ಲ ಹೆಚ್ಚುಕಮ್ಮಿ ಒಂದೇ ದೂರು: ಎರಡು ಮೂರು ದಿನ ಜ್ವರ, ಮೈಕೈ ನೋವು, ಗಂಟಲು ಕೆರೆತ, ಆಮೇಲೆ ನೆಗಡಿ. ಅದು ತಾನಾಗಿ ಹೋಗುತ್ತೆ. ಆಮೇಲೆ ಉಳಿಯೋ ತೊಂದರೆಗಳದ್ದೇ ಕಷ್ಟ. ಜ್ವರ ಬಿಟ್ಟರೂ ವಾಸನೆ ಗೊತ್ತಾಗಲ್ಲ, ಕಿವಿ ಮುಚ್ಚಿಕೊಂಡ ಹಾಗಿದೆ, ಸಿಂಬಳ ಹಸಿರಾಗಿದೆ ಆಂಟಿಬಯೋಟಿಕ್ ಕೊಡಿ ಅಂತಾರೆ. ಕಿವಿ-ಮೂಗು-ಗಂಟಲಿನ (ಇಎನ್‌ಟಿ) ಡಾಕ್ಟರು ಸಿಗೋದು ತಾಲ್ಲೂಕು ಆಸ್ಪತ್ರೆಯಲ್ಲಿ, ಅದೂ ದಿನಾ ಅಲ್ಲ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಆದ ನನ್ನ ಕೈಲಿರೋದು ಟಾರ್ಚು, ನಾಲಿಗೆ ಒತ್ತೋ ಕಡ್ಡಿ, ಥರ್ಮಾಮೀಟರ್, ಗ್ಲುಕೋಮೀಟರ್. ಇಷ್ಟರಲ್ಲೇ ಏನು ನೋಡಿ ತೀರ್ಮಾನ ಮಾಡಬೇಕು?

ಇಎನ್‌ಟಿ_ಧಾರವಾಡ

ಮೊದಲು ಕೇಳಬೇಕಾದ್ದು "ಎರಡೂ ಕಡೆನಾ, ಒಂದೇ ಕಡೆನಾ?" ವೈರಸ್ಸಿಗೆ ಎಡ-ಬಲ ಇಲ್ಲ. ಎರಡೂ ಹೊಳ್ಳೆ ಕಟ್ಟುತ್ತವೆ, ಗಂಟಲು ಪೂರ್ತಿ ಕೆಂಪಾಗುತ್ತೆ. ಒಂದೇ ಪಕ್ಕಕ್ಕೆ ತೊಂದರೆ ನಿಂತಿದೆ ಅಂದರೆ ಟಾರ್ಚು ತಗೊಳ್ಳಿ.

ಗಂಟಲು: ಕಿರುನಾಲಿಗೆ ಒಂದು ಕಡೆ ಸರಿದಿದೆ, ಬಾಯಿ ಪೂರ್ತಿ ತೆರೆಯಲು ಆಗಲ್ಲ, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ ದನಿ. ಅದು ಟಾನ್ಸಿಲ್ ಪಕ್ಕದ ಕೀವು, ಅದೇ ದಿನ ಕಳಿಸಿ. ಜೊಲ್ಲು ನುಂಗಲಾಗದೆ ಸುರಿಸುತ್ತಿದ್ದರೆ, ಉಸಿರು ಎಳೆದುಕೊಳ್ಳುವಾಗ ಸದ್ದು ಬರುತ್ತಿದ್ದರೆ ಕಡ್ಡಿ ಹಾಕಿ ನೋಡಲೇಬೇಡಿ. ಕೂರಿಸಿಕೊಂಡೇ ಆಂಬ್ಯುಲೆನ್ಸ್‌ನಲ್ಲಿ ಕಳಿಸಿ.

ಮೂಗು: ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ಸ್ಟೀರಾಯ್ಡ್ ತಗೊಂಡವರಲ್ಲಿ, ಒಂದೇ ಕೆನ್ನೆ ನೋವು ಅಥವಾ ಜೋಮು, ಮೂಗಲ್ಲಿ ಕಪ್ಪು ಹಕ್ಕಳೆ, ರೆಪ್ಪೆ ಇಳಿದಿರೋದು, ಒಂದು ವಸ್ತು ಎರಡಾಗಿ ಕಾಣೋದು, ಹಲ್ಲು ಅಲ್ಲಾಡೋದು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹೀಗೇ ಶುರುವಾಗುತ್ತಿತ್ತು. ಟಾರ್ಚಿನಲ್ಲಿ ಅಂಗುಳನ್ನೂ ನೋಡಿ, ಗ್ಲುಕೋಮೀಟರ್ ಅಲ್ಲೇ ಹಚ್ಚಿ. ನಾಳೆ ನೋಡೋಣ ಅನ್ನೋ ಕೇಸ್ ಇದಲ್ಲ.

ಸಿಂಬಳದ ಹಸಿರು ಬಣ್ಣ ನಮ್ಮದೇ ಬಿಳಿ ರಕ್ತಕಣಗಳಿಂದ ಬರೋದು, ಬರೀ ವೈರಸ್ ಇದ್ದರೂ ಬರುತ್ತೆ. ಬ್ಯಾಕ್ಟೀರಿಯಾ ಅನ್ನೋಕೆ ಬೇರೆ ಲೆಕ್ಕ ಇದೆ. 10 ದಿನವಾದರೂ ಸ್ವಲ್ಪವೂ ಇಳಿಯದೆ ಇರಬೇಕು, ಅಥವಾ ಐದಾರು ದಿನಕ್ಕೆ ಕಡಿಮೆಯಾಗಿ ಮತ್ತೆ ಜ್ವರ, ತಲೆನೋವು ತಿರುಗಿ ಏರಬೇಕು, ಅಥವಾ ಶುರುವಿನಲ್ಲೇ ಮೂರು ನಾಲ್ಕು ದಿನ ಬಿಡದೆ 39 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕೀವಿನಂಥ ಸಿಂಬಳ, ಮುಖನೋವು ಇರಬೇಕು.

ಆಡಿಯಾಲಜಿ_ಮೈಸೂರು

ಸರ್ ಹೇಳಿದ್ದರಲ್ಲಿ ಕಿವಿಯನ್ನು ಬೇರೆ ಇಡಬೇಕು. ನೆಗಡಿಯಲ್ಲಿ ಒಂದೇ ಕಿವಿ ಕಟ್ಟೋದು ತೀರಾ ಸಾಮಾನ್ಯ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಯೂಸ್ಟೇಷಿಯನ್ ನಾಳ ಬಾತು, ತಮಟೆಯ ಹಿಂದೆ ನೀರು ನಿಲ್ಲುತ್ತೆ. ವಾರಗಳಲ್ಲಿ ತಾನೇ ಇಳಿಯುತ್ತೆ. ಭಯ ಇರೋದು ಒಳಕಿವಿಯ ನರ ಹೊಡೆತ ತಿಂದಾಗ. ರೋಗಿಗೆ ಎರಡೂ "ಕಿವಿ ಮುಚ್ಚಿದೆ" ಅಂತಲೇ ಅನ್ನಿಸೋದು. ಇಲ್ಲೇ ಎಲ್ಲರೂ ಮೋಸ ಹೋಗೋದು.

ಕಿವಿ ಪರೀಕ್ಷೆಗೆ ತಟ್ಟಿ ನಾದ ಹೊರಡಿಸೋ 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಇಲ್ಲದಿದ್ದರೆ ಬಾಯಿ ಮುಚ್ಚಿ "ಮ್ಮ್ಮ್" ಅಂತ ಗುನುಗಲು ಹೇಳಿ. ಸದ್ದು ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ನೀರು ಅಥವಾ ಗುಗ್ಗೆ ಇರಬಹುದು, ಕಾಯಬಹುದು. ಸರಿಯಿರುವ ಕಿವಿ ಕಡೆ ಹೋದರೆ ನರದ ತೊಂದರೆ ಅಂತಲೇ ಹಿಡಿದು ಆಡಿಯೋಗ್ರಾಂಗೆ (ಯಂತ್ರದಿಂದ ಮಾಡೋ ಶ್ರವಣ ಪರೀಕ್ಷೆ) ಕಳಿಸಿ. 72 ಗಂಟೆಯೊಳಗೆ ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಗಳಲ್ಲಿ (ಸ್ವರದ ಮಟ್ಟಗಳಲ್ಲಿ) ಕೇಳುವ ಶಕ್ತಿ 30 ಡೆಸಿಬೆಲ್ ಅಥವಾ ಹೆಚ್ಚು ಬಿದ್ದಿದ್ದರೆ ಅದು ಹಠಾತ್ ಕಿವುಡು. ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೇದು. ಗುನುಗುವ ಪರೀಕ್ಷೆ ಅಂದಾಜಷ್ಟೇ. ಅನುಮಾನ ಇದ್ದರೆ ಕಳಿಸೋದೇ ಸರಿ.

ಕಿವಿಗೆ ಬಿಸಿ ಎಣ್ಣೆ ಬೇಡ. ಮೂಗು ಜೋರಾಗಿ ಸೀಟೋದೂ ಬೇಡ, ಒಂದೊಂದೇ ಹೊಳ್ಳೆ ಮೆತ್ತಗೆ. ಕಿವಿ ಮೇಲೆ ನೀರುಗುಳ್ಳೆ ಎದ್ದು ಮುಖ ಸೊಟ್ಟಗಾಗಿದ್ದರೆ ಅವತ್ತೇ ರೆಫರ್.

ಫಾರ್ಮಸಿ_ಮಂಗಳೂರು

ಮೂಗು ತೊಳೆಯೋ ನೀರಲ್ಲೇ ಹೆಚ್ಚು ತಪ್ಪಾಗೋದು. ಅರ್ಧ ಲೀಟರ್ ನೀರು ಒಂದು ನಿಮಿಷ ಕೊತಕೊತ ಕುದಿಸಿ, ಉಗುರುಬೆಚ್ಚಗಾಗೋವರೆಗೆ ಆರಿಸಿ, ಮುಕ್ಕಾಲು ಟೀಚಮಚ ಪುಡಿ ಉಪ್ಪು ಹಾಕಿ. ಸುಮಾರು ನಾಲ್ಕೂವರೆ ಗ್ರಾಂ, ಅಂದರೆ 0.9%. ಉಪ್ಪು ಕಮ್ಮಿಯಾದರೆ ಮೂಗು ಉರಿಯುತ್ತೆ, ಜನ "ಆಗಲ್ಲ" ಅಂತ ಬಿಟ್ಟುಬಿಡ್ತಾರೆ. ನಲ್ಲಿ, ಬಾವಿ ನೀರು ಹಾಗೇ ಹಾಕಬಾರದು, ನೇಗ್ಲೇರಿಯಾ ಅಮೀಬಾ ಮಿದುಳಿಗೆ ಹೋಗೋ ದಾರಿ ಮೂಗೇ.

ಮೂಗು ಕಟ್ಟಿದ್ದು ಬಿಡಿಸೋ ಕ್ಸೈಲೋಮೆಟಾಜೋಲಿನ್ ಹನಿ ಐದು ದಿನಕ್ಕೆ ಸಾಕು. ಮುಂದುವರಿಸಿದರೆ ಔಷಧಿ ಇಳಿದಾಗೆಲ್ಲ ಮೊದಲಿಗಿಂತ ಹೆಚ್ಚು ಕಟ್ಟುತ್ತೆ, ಬಾಟಲಿ ಬಿಡೋಕಾಗಲ್ಲ. ಸ್ಟೀರಾಯ್ಡ್ ಸ್ಪ್ರೇ ಬರೆದಿದ್ದರೆ ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿ ಕಡೆ ಮುಖ ಮಾಡಿರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತೆ. ಹಬೆ ಹಿಡಿಯೋದನ್ನು ಮಕ್ಕಳಿಗೆ ಹೇಳಲೇಬೇಡಿ, ಬಿಸಿನೀರು ಚೆಲ್ಲಿ ಸುಡೋದೇ ಹೆಚ್ಚು.

ಉಪಕೇಂದ್ರ_ಸಿಎಚ್‌ಒ

ತುಂಬಾ ಉಪಯೋಗ ಆಯ್ತು. ವಾಸನೆ ಹೋದವರಿಗೆ? ಸಣ್ಣ ಮಕ್ಕಳಿಗೆ?

ಇಎನ್‌ಟಿ_ಧಾರವಾಡ

ಸಾಮಾನ್ಯ ನೆಗಡಿಯಲ್ಲಿ ಮೂಗು ಕಟ್ಟಿರೋದರಿಂದ ವಾಸನೆ ಸಿಗಲ್ಲ, ಬಿಟ್ಟ ಮೇಲೆ ಬರುತ್ತೆ. ಕೋವಿಡ್‌ನಲ್ಲಿ ಮೂಗು ತೆರೆದೇ ಇದ್ದರೂ ಹೋಗುತ್ತಿತ್ತು. ವೈರಸ್ ಮುಖ್ಯವಾಗಿ ಹಿಡಿಯೋದು ವಾಸನೆಯ ನರಕೋಶಗಳನ್ನಲ್ಲ, ಅವುಗಳ ಸುತ್ತ ಆಸರೆಯಾಗಿರೋ ಕೋಶಗಳನ್ನು. ಕೋವಿಡ್‌ನ ಒಮಿಕ್ರಾನ್ ತಳಿ ಬಂದ ಮೇಲೆ ಇದು ಕಮ್ಮಿಯಾಗಿ ಗಂಟಲುನೋವು ಮುಂದಾಯ್ತು.

ಪರೀಕ್ಷೆಗೆ ಕಾಫಿಪುಡಿ, ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆ. ವಿಕ್ಸ್, ಅಮೃತಾಂಜನ ಬೇಡ. ಅದರ ಚುರುಕು ಮುಖದ ಸ್ಪರ್ಶ ನರದಲ್ಲೂ ಹೋಗುತ್ತೆ, ವಾಸನೆ ಪೂರ್ತಿ ಹೋದವರೂ "ಗೊತ್ತಾಗ್ತಿದೆ" ಅಂತಾರೆ. ಉಪ್ಪು, ಸಕ್ಕರೆ ಗುರುತಿಸಿದರೆ ನಾಲಿಗೆ ಸರಿ ಇದೆ.

ಎರಡು ವಾರವಾದರೂ ಬರದಿದ್ದರೆ ಮೂಗಿಗೆ ಅಭ್ಯಾಸ ಮಾಡಿಸಿ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಇವುಗಳ ಸುಗಂಧ ಎಣ್ಣೆಯ ಕೆಲವು ಹನಿ ಹತ್ತಿಗೆ ಹಾಕಿ ಮುಚ್ಚಳವಿರೋ ಚಿಕ್ಕ ಬಾಟಲಿಯಲ್ಲಿಡಿ. ಬೆಳಿಗ್ಗೆ, ಸಂಜೆ, ಒಂದೊಂದನ್ನು 15–20 ಸೆಕೆಂಡು, ಆ ವಾಸನೆ ಹೇಗಿತ್ತು ಅಂತ ನೆನೆಸಿಕೊಳ್ಳುತ್ತಾ ಮೆಲ್ಲಗೆ ಮೂಸಬೇಕು. ಕನಿಷ್ಠ 12 ವಾರ. ಹೆಚ್ಚಿನವರು ಮೂರನೇ ವಾರಕ್ಕೇ ಕೈಬಿಡ್ತಾರೆ. ಎರಡು ಮೂರು ತಿಂಗಳಿಗೆ ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಸುಟ್ಟ ಕೊಳಕಿನ ಹಾಗೆ ನಾರೋಕೆ ಶುರುವಾದರೆ ಗಾಬರಿ ಬೇಡ ಅನ್ನಿ, ನರ ಮತ್ತೆ ಚಿಗುರುವಾಗ ಹೀಗಾಗುತ್ತೆ. ಅಲ್ಲಿವರೆಗೆ ಮೊಸರನ್ನದಂಥ ತಣ್ಣನೆಯ, ಒಗ್ಗರಣೆ ಹಾಕದ ಊಟ ಸುಲಭ.

ಇಂಥವರಿಗೆ ಸಿಲಿಂಡರ್ ಸೋರಿದರೂ ಗೊತ್ತಾಗಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ಗ್ಯಾಸ್ ಡಿಟೆಕ್ಟರ್ ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಾಕಿಸಲಿ.

ಮಕ್ಕಳಲ್ಲಿ ಒಂದೇ ಹೊಳ್ಳೆಯಿಂದ ನಾತದ ಸಿಂಬಳ ಬಂದರೆ ನೆಗಡಿ ಅನ್ನಬೇಡಿ, ಒಳಗೆ ಕಾಳೋ ಬಟನ್ ಬ್ಯಾಟರಿಯೋ ಇರುತ್ತೆ. ಬ್ಯಾಟರಿಯ ಅನುಮಾನ ಇದ್ದರೆ ಉಪ್ಪುನೀರು, ಹನಿ ಯಾವುದನ್ನೂ ಹಾಕಬೇಡಿ. ತೇವ ತಾಗಿದಷ್ಟೂ ಸುಡೋದು ಜೋರಾಗುತ್ತೆ, ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆಗೆ ತೂತು ಬೀಳಬಹುದು. ಚಿಮಟ ಹಾಕಿ ಎಳೆಯೋಕೂ ಹೋಗದೆ ನೇರ ಆಸ್ಪತ್ರೆಗೆ ಕಳಿಸಿ.