ಖರೀದಿ ಪತ್ರದ ಝೆರಾಕ್ಸಿಗೆ ನೋಟರಿ: ಎಲ್ಲಾ ಹಾಳಿಗೂ ಶಿಕ್ಕಾ ಬೇಕೇನ್ರಿ?

ಪ್ರಶ್ನೆ (ಗದಗ): 1998ರ ಖರೀದಿ ಪತ್ರ, 9 ಹಾಳಿ. ಬ್ಯಾಂಕಿನವರು ನೋಟರಿ ಮಾಡಿಸಿದ ನಕಲು ಕೇಳ್ಯಾರ. ಅಸಲು ಹುಬ್ಬಳ್ಳಿಯಾಗ ಅಣ್ಣನ ಹತ್ರ ಐತಿ, ನನ್ನ ಕಡೆ ಪಿಡಿಎಫ್ ಅಷ್ಟ. ಪ್ರಿಂಟ್ ತಗೊಂಡು ಇಲ್ಲೇ ಗದಗಿನಾಗ ಮಾಡಿಸಬಹುದೇನ್ರಿ? ಶಿಕ್ಕಾ ಕಡೀ ಹಾಳಿಗಷ್ಟ ಸಾಕೋ?

ಉತ್ತರ 1 (ಧಾರವಾಡ): ಪಿಡಿಎಫ್ ಪ್ರಿಂಟಿನ ಮೇಲೆ ಆಗೂದಿಲ್ಲ. ಅಸಲನ್ನ ಕಣ್ಣಾರೆ ನೋಡಿ, ಝೆರಾಕ್ಸು ಅದಕ್ಕ ತಾಳೆ ಆಗೇತಿ ಅಂತ ಬರದು ಕೊಡೂದ ನೋಟರಿ ಕೆಲಸ. ಅಸಲು ಎಲ್ಲೈತೋ ಅಲ್ಲೇ, ಹುಬ್ಬಳ್ಳಿ ನೋಟರಿ ಹತ್ರ ಅಣ್ಣನ ಮಾಡಿಸಲಿ. ಪತ್ರ ಗದಗಿನಾಗ ನೋಂದಣಿ ಆಗಿದ್ರೂ ಅಡ್ಡಿ ಇಲ್ಲ.

ಝೆರಾಕ್ಸ್ ತಗಸೂಮುಂದ ಎರಡೂ ಮಗ್ಗಲ ತಗಸ್ರಿ. ಹಳೇ ಪತ್ರದಾಗ ಸಬ್‌ರಿಜಿಸ್ಟ್ರಾರರು ಬರದ ಶೆರೆ (ಷರಾ), ನೋಂದಣಿ ನಂಬರು, ಹೆಬ್ಬೆಟ್ಟು ಹಿಂದಿನ ಮಗ್ಗಲದಾಗ ಇರ್ತಾವು. ಬಾಳ ನಕಲು ವಾಪಸ್ ಬರೂದ ಇದರಿಂದ. ಉದ್ದ ಛಾಪಾ ಕಾಗದ ಎ4ಕ್ಕ ಕುಗ್ಗಿಸಿದ್ರ ಅಂಚಿನ ಸಹಿ ಕತ್ತರಿಸಿ ಹೋಗ್ತಾವು, ಲೀಗಲ್ ಸೈಜಿನಾಗ ತಗಸ್ರಿ.

ಶಿಕ್ಕಾ, ಸಹಿ ಎಲ್ಲಾ ಹಾಳಿಗೂ ಇರಲಿ. ಕಡೀ ಹಾಳಿಗಷ್ಟ ಇದ್ರ ನಡುವಿನ ಹಾಳಿ ಬದಲಾಗಿಲ್ಲ ಅನ್ನೂದಕ್ಕ ಗುರುತ ಇರೂದಿಲ್ಲ. ಕಡೀ ಹಾಳಿಮ್ಯಾಲ ‘ಅಸಲಿನೊಂದಿಗೆ ತಾಳೆ ನೋಡಿದ ನಿಜ ಪ್ರತಿ’ ಅಂತ, ಒಟ್ಟು ಪುಟ, ತಾರೀಖು, ಊರು, ನೋಟರಿ ರಿಜಿಸ್ಟರಿನ ಅನುಕ್ರಮ ನಂಬರು ಬೇಕು. ನಿಯಮದ ಪ್ರಕಾರ ಮೊಹರು 5 ಸೆಂ.ಮೀ. ವ್ಯಾಸದ ದುಂಡು, ಅದರಾಗ ನೋಟರಿ ಹೆಸರು, ವ್ಯಾಪ್ತಿ, ನೋಂದಣಿ ಸಂಖ್ಯೆ ಓದಾಕ ಬರಬೇಕು. ಸರ್ವೆ ನಂಬರಿನ ಮ್ಯಾಲ ಬಡದ್ರ ಅಕ್ಷರ ಮುಚ್ಚತಾವು, ಖಾಲಿ ಜಾಗಾ ತೋರಸ್ರಿ. ಫೀ ಪಟ್ಟಿ ಕಚೇರಿ ಒಳಗೂ ಹೊರಗೂ ಹಚ್ಚಿರಬೇಕು. ರಸೀದಿ ಕೇಳಿ ತಗೋರಿ.

ಉತ್ತರ 2 (ಹಾವೇರಿ): ಶಿಕ್ಕಾದ ಒಕ್ಕಣೆ ಓದಿ ನೋಡಿ. ಗಡಿಬಿಡಿಯಲ್ಲಿ ‘ನನ್ನ ಸಮಕ್ಷಮ ಸಹಿ ಮಾಡಿದ್ದಾರೆ’ ಎಂಬ ಅಫಿಡವಿಟ್ ಶಿಕ್ಕಾ ಬೀಳುವುದುಂಟು. ಅದು ಸಹಿಗೆ ಸಾಕ್ಷಿಯೇ ಹೊರತು ನಕಲಿಗಲ್ಲ.

ಮುಂದೆ ಈ ಆಸ್ತಿ ಕೋರ್ಟಿಗೆ ಹೋದರೆ ನೋಟರಿ ನಕಲನ್ನು ನಂಬಿ ಕೂಡಬೇಡಿ. ಆಗ ಅಸಲನ್ನೇ ಹಾಜರುಪಡಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ದೃಢೀಕೃತ ನಕಲು ತೆಗೆಸಬೇಕು. ಉತಾರಕ್ಕಂತೂ (ಪಹಣಿಗೆ) ನೋಟರಿ ಮಾಡಿಸುವುದು ದಂಡ, ಹೊಸದನ್ನೇ ತೆಗೆಸಿ.

ಪ್ರಶ್ನೆ (ಗದಗ): ಹಂಗಾರ ಅಣ್ಣಗ ಹೇಳ್ತೀನ್ರಿ. ಪತ್ರಕ್ಕ ಲ್ಯಾಮಿನೇಷನ್ ಮಾಡಿಸಿದ್ರ?

ಉತ್ತರ 1: ಕೆಲವು ನೋಟರಿಗಳು ಒಲ್ಲೆ ಅಂತಾರ, ಉಬ್ಬು ಮುದ್ರಿ, ಶಾಯಿ ಪರೀಕ್ಷೆ ಮಾಡಾಕ ಬರೂದಿಲ್ಲ. ಇಸ್ತ್ರಿ ಕಾಸಿ ಬಿಡಸಾಕ ಹೋಗಬ್ಯಾಡ್ರಿ, ಶಾಯಿ ಪ್ಲಾಸ್ಟಿಕ್ಕಿಗೆ ಕಿತ್ತು ಬರ್ತೈತಿ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತಗಸಿ, ಅಸಲು, ನಕಲು ಎರಡನ್ನೂ ಬ್ಯಾಂಕಿಗೆ ಒಯ್ದು ತೋರಸ್ರಿ.