ಎರಡು ದೇಶಗಳ ಧ್ವಜ ಕಟ್ಟಿ ಮುಳುಗಿಸಿದ ಯುದ್ಧನೌಕೆ ಯಾವುದು?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ):
ನಮ್ಮ ಬಡಾವಣೆಯ ರಸಪ್ರಶ್ನೆ ಬಳಗಕ್ಕೆ ಪ್ರಶ್ನೆ ಹೊಂದಿಸುತ್ತಿದ್ದೇನೆ. ಬ್ರಿಟಿಷರು ತಮ್ಮದೇ ಹಳೆಯ ಹಾಯಿಹಡಗೊಂದಕ್ಕೆ ಫ್ರಾನ್ಸಿನ ಧ್ವಜವನ್ನೂ ಕಟ್ಟಿ ಸಮುದ್ರದಲ್ಲಿ ಮುಳುಗಿಸಿದರಂತೆ. ಯಾವುದು ಅದು? ಇನ್ನೊಂದು ಸಂಶಯ: ಶತ್ರುವಿನ ಹಡಗು ಕೈಗೆ ಸಿಕ್ಕರೆ ಸುಟ್ಟುಹಾಕದೆ ತಾವೇ ಬಳಸುತ್ತಿದ್ದುದೇಕೆ?

ಉತ್ತರ (ಗದಗ):
ಇಂಪ್ಲೇಕಬಲ್. ಮೂಲದಲ್ಲಿ ಫ್ರಾನ್ಸಿನ ದ್ಯುಗೇ ತ್ರುಆಂ. ಮುಳುಗಿಸಿದ್ದು 1949ರ ಡಿಸೆಂಬರ್ 2ರಂದು.

ಉತ್ತರ (ಧಾರವಾಡ):
ಗದಗಿನವರು ಹೇಳಿದ್ದು ಸರಿ, ಆದರೆ ಇಷ್ಟು ದೊಡ್ಡ ಕಥೆಯನ್ನು ಮೂರು ಸಾಲಿಗೆ ಮುಗಿಸಿದ್ದು ನನಗೆ ಸಮಾಧಾನವಾಗಲಿಲ್ಲ. ಧಾರವಾಡದ ಕಟ್ಟಿಗೆ ಅಡ್ಡೆಯಲ್ಲಿ ವಯಸ್ಸು ಕಳೆದವನು ನಾನು. ಹಡಗಿನ ಇತಿಹಾಸ ಓದುವಾಗಲೂ ಮೊದಲು ನೋಡುವುದು ಮರವನ್ನೇ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. 74 ಫಿರಂಗಿಗಳ ಹಡಗೆಂದರೆ ಬಲಿತ ಓಕ್ ಮರಗಳು ಸಾವಿರದ ಲೆಕ್ಕದಲ್ಲಿ ಬೇಕು. ಒಂದು ಮರ ಬಲಿಯಲು ನೂರು ವರ್ಷ. ಕೊಯ್ದು, ಒಣಗಿಸಿ, ಬಾಗಿಸಿ ಜೋಡಿಸಿದ ಇಂಥ ಒಡಲನ್ನು ಯಾರು ಸುಡುತ್ತಾರೆ? ಹಿಡಿದ ನಾವಿಕರಿಗೂ ಹಡಗಿನ ಬೆಲೆಯಲ್ಲಿ ಪಾಲಿತ್ತು. ದೊಡ್ಡ ಪಾಲು ಕಪ್ತಾನನದು ಎನ್ನಿ; ಹಗ್ಗ ಎಳೆದವನಿಗೆ ಸಿಕ್ಕಿದ್ದು ಚಿಲ್ಲರೆ.

ಈ ಹಡಗನ್ನು ಫ್ರೆಂಚರು 1800ರಲ್ಲಿ ರೋಶ್‌ಫೋರ್‌ನಲ್ಲಿ ನೀರಿಗಿಳಿಸಿದರು. 1805ರ ಅಕ್ಟೋಬರ್ 21ರ ಬ್ರಿಟಿಷರ ವಿರುದ್ಧದ ಟ್ರಫಾಲ್ಗರ್ ಕದನದಲ್ಲಿ ಅದು ಫ್ರೆಂಚ್ ನೌಕಾ ಸೇನಾನಿ ದ್ಯೂಮನ್ವಾರ್‌ನ ತಂಡದಲ್ಲಿತ್ತು. ಆ ತಂಡದ ನಾಲ್ಕು ಹಡಗುಗಳು ಅಂದು ತಪ್ಪಿಸಿಕೊಂಡವು, ಆದರೆ ಹೆಚ್ಚು ದಿನ ಉಳಿಯಲಿಲ್ಲ. ನವೆಂಬರ್ 4ರಂದು ಸ್ಪೇನಿನ ಒರ್ಟೆಗಾಲ್ ಭೂಶಿರದ ಬಳಿ ಬ್ರಿಟಿಷ್ ನೌಕಾ ಸೇನಾನಿ ಸ್ಟ್ರಾಕನ್ ನಾಲ್ಕನ್ನೂ ಹಿಡಿದ. ದ್ಯುಗೇ ತ್ರುಆಂ ಹಡಗಿನ ಕಪ್ತಾನ ತೂಫೆ ಅಲ್ಲಿಯೇ ಸತ್ತ. ಉಳಿದ ಹಡಗುಗಳ ಪೈಕಿ ಮಾಂಟ್ ಬ್ಲಾಂಕ್ ಕೆಲವೇ ವರ್ಷಗಳಲ್ಲಿ ಮದ್ದಿನ ಉಗ್ರಾಣವಾಯಿತು. ಇಂಪ್ಲೇಕಬಲ್ ಎಂಬ ಹೆಸರು ಪಡೆದ ದ್ಯುಗೇ ತ್ರುಆಂ ಒಂದಕ್ಕೆ ಮಾತ್ರ ಆಯುಷ್ಯ ಗಟ್ಟಿಯಿತ್ತು. 1808ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ರಷ್ಯಾದ ಸೆವೋಲೊದ್ ಹಡಗಿನ ಮೇಲೆ ಬಿದ್ದು ಅದನ್ನು ಜರ್ಜರಗೊಳಿಸಿತು. ಕೊನೆಗೆ ಅದನ್ನು ಹಿಡಿದದ್ದು ಜೊತೆಗಿದ್ದ ಬ್ರಿಟಿಷ್ ಹಡಗು ಸೆಂಟಾರ್; ನೆಲಕ್ಕೆ ಕಚ್ಚಿ ಕುಳಿತಿದ್ದುದರಿಂದ ಅದನ್ನು ಸುಟ್ಟರು. ನೋಡಿ, ಎಳೆದೊಯ್ಯಲು ಆಗದಿದ್ದರೆ ಮಾತ್ರ ಸುಡುತ್ತಿದ್ದರು.

1855ರಿಂದ ಇಂಪ್ಲೇಕಬಲ್ ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ ಹುಡುಗರಿಗೆ ನಾವಿಕ ವಿದ್ಯೆ ಕಲಿಸುವ ಹಡಗಾಗಿ ನಿಂತಿತು. ಲೆಕ್ಕ ಹಾಕಿ: ಕಟ್ಟಿದವರ ಕೈಯಲ್ಲಿ ಐದು ವರ್ಷ, ಹಿಡಿದವರ ಕೈಯಲ್ಲಿ 144 ವರ್ಷ. ಎರಡನೆಯ ಮಹಾಯುದ್ಧದ ನಂತರ ದುರಸ್ತಿಗೆ ಹಣವಿರಲಿಲ್ಲ. ಫ್ರಾನ್ಸಿಗೆ ಕೊಡುತ್ತೇವೆಂದರು, ಅವರೂ ಬೇಡವೆಂದರು. ಕಡೆಗೆ ಒಳಗೆ ಸ್ಫೋಟಕ ತುಂಬಿ ಸಿಡಿಸಿದರು. ತಳ ಒಡೆದರೂ ಮೇಲಿನ ಒಡಲು ಒಡನೆ ಮುಳುಗಲಿಲ್ಲ, ತೇಲುತ್ತಲೇ ಇತ್ತು. ದಂಡು ಕಟ್ಟಿಕೊಂಡು ಬಂದ ಶತ್ರುಗಳಿಗೆ ಆಗದ ಕೆಲಸವನ್ನು ಕಚೇರಿಯ ಕಡತ ಮಾಡಿತು ಎಂದರೆ ಯಾರಿಗಾದರೂ ಸಿಟ್ಟು ಬರಬಹುದು, ನನಗಂತೂ ಬರುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಾಗಾದರೆ ಓಕ್ ಬದಲು ನಮ್ಮ ಕಡೆಯ ಸಾಗವಾನಿಯಾಗಿದ್ದರೆ ಉಳಿಯುತ್ತಿತ್ತೇ?

ಉತ್ತರ (ಧಾರವಾಡ):
ಉತ್ತರ ಕಣ್ಣೆದುರೇ ಇದೆ. 1932ರಿಂದ ಪೋರ್ಟ್ಸ್‌ಮತ್‌ನಲ್ಲಿ ಇದರ ಜೊತೆಗೆ ನಿಂತಿದ್ದ ಟ್ರಿಂಕೋಮಲಿ ಹಡಗು 1817ರಲ್ಲಿ ಮುಂಬಯಿಯ ವಾಡಿಯಾ ಮನೆತನದವರು ಮಲಬಾರ್ ಸಾಗವಾನಿಯಲ್ಲಿ ಕಟ್ಟಿದ್ದು. ಅದು ಇಂದಿಗೂ ಹಾರ್ಟಲ್‌ಪೂಲ್‌ನಲ್ಲಿದೆ. ಓಕ್‌ನ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಸಾಗವಾನಿಯ ಎಣ್ಣೆ ಅದನ್ನು ಕಾಯುತ್ತದೆ. ದಾಂಡೇಲಿ, ಹಳಿಯಾಳದ ಹಳೆಯ ತೊಲೆಗಳಿಂದ ನಾನೇ ಮೊಳೆ ಕಿತ್ತಿದ್ದೇನೆ: ತಲೆ ತುಕ್ಕು ಹಿಡಿದಿದ್ದರೂ ಮರದೊಳಗಿದ್ದ ಭಾಗ ಕಪ್ಪಗೆ, ನುಣ್ಣಗೆ ಇರುತ್ತಿತ್ತು. ಆದರೆ ಮರ ಒಂದೇ ಕಾರಣವಲ್ಲ. ಟ್ರಿಂಕೋಮಲಿಗೆ ಹಣ ಹಾಕುವವರು ಸಿಕ್ಕರು, ಇದಕ್ಕೆ ಸಿಗಲಿಲ್ಲ.

ಉತ್ತರ (ಗದಗ):
ರಸಪ್ರಶ್ನೆಯಲ್ಲಿ ಹೆಸರು ನೇರವಾಗಿ ಕೇಳಬೇಡಿ, ಕಠಿಣವಾಗುತ್ತದೆ. "ಟ್ರಫಾಲ್ಗರ್‌ನಲ್ಲಿ ನೆಲ್ಸನ್‌ನ ವಿಕ್ಟರಿ ಹಡಗಿಗೆ ಎದುರಾಳಿಯಾಗಿದ್ದು, ನಂತರ ಅದೇ ನೌಕಾಪಡೆ ಸೇರಿ 1949ರವರೆಗೆ ಉಳಿದ ಹಡಗು ಯಾವುದು?" ಎಂದು ಕೇಳಿ. ಸುಳಿವಿಗೆ ಹಡಗಿನ ಹಿಂಭಾಗದ ಚಿತ್ರ ತೋರಿಸಿ. ಮುಳುಗಿಸುವ ಮೊದಲು ಅದನ್ನು ಬಿಚ್ಚಿಟ್ಟಿದ್ದರು, ಈಗ ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿದೆ.